ಬಿದ್ದವರ ಪುಸ್ತಕ

ಶಿವಮೊಗ್ಗ ಜಿಲ್ಲೆಯ ಒಂದು ವೃದ್ಧಾಶ್ರಮದಲ್ಲಿ ನಾನು ಹನ್ನೊಂದು ವರ್ಷಗಳಿಂದ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದೇನೆ. ಹಳೆಯ ತೊಟ್ಟಿಮನೆಯನ್ನೇ ಆಶ್ರಮವಾಗಿ ಮಾರ್ಪಡಿಸಿದ್ದಾರೆ. 34 ಮಂದಿ ವೃದ್ಧರಿದ್ದಾರೆ. ಹಗಲು 5 ಮಂದಿ ಸಹಾಯಕಿಯರು, ರಾತ್ರಿ ಇಬ್ಬರು. ಆಶ್ರಮ ಹುಡುಕಿಕೊಂಡು ಬರುವ ಮಕ್ಕಳು ಊಟದ ಮೆನುವನ್ನೂ ಸಿಸಿಟಿವಿಯನ್ನೂ ವಿಚಾರಿಸುತ್ತಾರೆ; ರಾತ್ರಿ ಎಷ್ಟು ಜನ ಎಚ್ಚರವಾಗಿರುತ್ತಾರೆಂದು ಕೇಳಿದವರು ತೀರ ಕಡಿಮೆ.

ಮೊದಲ ವರ್ಷಗಳಲ್ಲಿ ಯಾರಾದರೂ ಬಿದ್ದರೆ ದಿನಚರಿಯಲ್ಲಿ ಒಂದೇ ಸಾಲು ಇರುತ್ತಿತ್ತು: ಕಾಲು ಜಾರಿ ಬಿದ್ದರು, ಪೆಟ್ಟಾಗಿಲ್ಲ. ಪೆಟ್ಟಾಗಿದ್ದರೆ ಮನೆಯವರಿಗೆ ಫೋನು, ಆಸ್ಪತ್ರೆಗೆ ಕಾರು, ಆ ಪಾಳಿಯ ಹುಡುಗಿಗೆ ನನ್ನಿಂದ ಬೈಗುಳ. ಇದರಿಂದ ಬೀಳುವುದು ಕಡಿಮೆಯಾಗಲಿಲ್ಲ, ಬಿದ್ದ ಸುದ್ದಿ ನನ್ನವರೆಗೆ ಬರುವುದು ಮಾತ್ರ ಕಡಿಮೆಯಾಯಿತು. ಒಂದು ಬೆಳಿಗ್ಗೆ ಸುತ್ತು ಹಾಕುತ್ತಿದ್ದಾಗ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಾಫಿ ಬೇಡವೆಂದು ಮಲಗಿಯೇ ಇದ್ದರು. ಹೊದಿಕೆ ಸರಿಸಿ ನೋಡಿದರೆ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಕ್ಕೆ ವಾಲಿತ್ತು. ತೊಡೆಯ ಮೂಳೆ ಸೊಂಟದ ಬಳಿ ಮುರಿದಾಗ ಕಾಲು ಹೀಗೆಯೇ ಮಲಗುತ್ತದೆ. ಹಿಂದಿನ ರಾತ್ರಿಯೇ ಅವರು ಬಿದ್ದಿದ್ದರು. ಹೆದರಿದ ಹುಡುಗಿ ಎತ್ತಿ ಮಲಗಿಸಿ ಸುಮ್ಮನಾಗಿದ್ದಳು. ಅವಳನ್ನು ಹೆದರಿಸಿ ಇಟ್ಟವಳು ನಾನೇ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನಗಳೇ ಬೇಕಾದವು.

ಆಮೇಲೆ 200 ಪುಟದ ಒಂದು ನೋಟುಪುಸ್ತಕ ತರಿಸಿ ಗೆರೆ ಹಾಕಿದೆ. ಬಿದ್ದ ಹೊತ್ತು, ಜಾಗ, ಏನು ಮಾಡಲು ಎದ್ದಿದ್ದರು, ಕಾಲಲ್ಲಿ ಏನಿತ್ತು, ದೀಪ ಉರಿಯುತ್ತಿತ್ತೇ, ಕೊನೆಯ ಮಾತ್ರೆ ಯಾವುದು ಎಂಬ ಅಂಕಣಗಳಿದ್ದವು. ಪಾಳಿಯಲ್ಲಿ ಯಾರಿದ್ದರೆಂಬ ಅಂಕಣವನ್ನು ಬೇಕೆಂದೇ ಬಿಟ್ಟೆ. ನಾಲ್ಕು ತಿಂಗಳಾದ ಮೇಲೆ ಕೂತು ಓದಿದಾಗ, ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಳಗಿನ ಜಾವ ನಾಲ್ಕರಿಂದ ಐದೂವರೆಯೊಳಗೆ ಬಿದ್ದಿದ್ದರು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಆರಕ್ಕೆ ಪಾಳಿ ಬದಲಾಗುವ ಮೊದಲು ಹತ್ತು ಹನ್ನೆರಡು ಜನರ ಸ್ನಾನ ಮುಗಿಸಿಬಿಡಬೇಕೆಂದು ನಾವೇ ನಿಯಮ ಮಾಡಿದ್ದೆವು. ಹಂಡೆಯ ಒಲೆ ಉರಿಯುತ್ತಿರುವಾಗಲೇ ಸ್ನಾನ ಆಗಲಿ ಎಂದು, ಗಾಢ ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ನೇರವಾಗಿ ನಿಲ್ಲಿಸುತ್ತಿದ್ದೆವು. ರಕ್ತದೊತ್ತಡಕ್ಕೋ ಪ್ರಾಸ್ಟೇಟ್ ತೊಂದರೆಗೋ ರಾತ್ರಿ ಮಾತ್ರೆ ನುಂಗಿದವರೇ ಅವರಲ್ಲಿ ಹಲವರು; ಅಂಥವರು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೊಮ್ಮೆ ಬಿ.ಪಿ. ನೋಡಿದೆವು, ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದವರ ಹೆಸರು ವೈದ್ಯರಿಗೆ ಹೋಯಿತು, ಕೆಲವರ ಮಾತ್ರೆಯೂ ಹೊತ್ತೂ ಬದಲಾದವು.

ಸ್ನಾನವನ್ನು ಏಳು ಗಂಟೆಯ ನಂತರಕ್ಕೆ ಸರಿಸಿದಾಗ ಹಗಲು ಪಾಳಿಯವರು ಸಹಜವಾಗಿಯೇ ಸಿಡಿಮಿಡಿಗೊಂಡರು, ಸೌದೆಯೂ ಹೆಚ್ಚು ಬೇಕಾಯಿತು. ಸೂರ್ಯೋದಯಕ್ಕೆ ಮೊದಲು ಮಿಂದು ಸಂಧ್ಯಾವಂದನೆ ಮಾಡದೆ ಜೀವಮಾನದಲ್ಲಿ ಕಾಫಿ ಮುಟ್ಟದ ಒಬ್ಬ ಹಿರಿಯರಿಗೆ ಮಾತ್ರ ಹಳೆಯ ಹೊತ್ತನ್ನೇ ಉಳಿಸಿದೆವು. ಐದು ನಿಮಿಷ ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸಿದ ಮೇಲಷ್ಟೇ ಅವರು ಏಳುತ್ತಾರೆ, ಬಚ್ಚಲಿನವರೆಗೆ ಒಬ್ಬಳು ಜೊತೆಗಿರುತ್ತಾಳೆ. ಬಚ್ಚಲ ದಾರಿಯ ಮರದ ಹೊಸ್ತಿಲು ಇನ್ನೊಂದು ತೊಡಕಾಗಿತ್ತು. ಅದನ್ನು ಕೊಯ್ಯಿಸಲು ಮನೆಯ ಯಜಮಾನರು ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆ ಹಲಗೆಯ ಇಳಿಜಾರು ಕೂರಿಸಿ, ಅಂಚಿಗೆ ದಟ್ಟ ಹಳದಿ ಪಟ್ಟಿ ಬಳಿಸಿದೆವು. ಕುಂಕುಮಕ್ಕೆ ನಡುವೆ ಜಾಗ ಉಳಿದಿದೆ.

ಏಕಾದಶಿಯ ಪಾಠವೂ ಹೀಗೆಯೇ ಬಂದದ್ದು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಬೆಳಿಗ್ಗೆ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಉಪವಾಸವೆಂದು ತಿಂಡಿಯನ್ನು ಹಾಗೇ ಬಿಟ್ಟಿದ್ದರು. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು. ಅಲ್ಲಿಲ್ಲದ ಸೊಸೆಯನ್ನು ಒಂದೇ ಸಮನೆ ಬೈಯುತ್ತಿದ್ದರು. ಅರಳುಮರಳು ಎಂದು ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಗ್ಲುಕೋಮೀಟರ್ 48 ತೋರಿಸಿತು. 70ಕ್ಕಿಂತ ಕೆಳಗಿದ್ದರೇ ಅದು ಅಪಾಯ. ಇನ್ನೂ ನುಂಗಬಲ್ಲವರಾಗಿದ್ದರಿಂದ ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಅವಲಕ್ಕಿ ತಿನ್ನಿಸಿದೆವು. ಈ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಂಜೆಯವರೆಗೂ ಪರೀಕ್ಷಿಸುತ್ತಲೇ ಇರಬೇಕಾಯಿತು. ಈಗ ಔಷಧಿ ಪಟ್ಟಿಯ ಪಕ್ಕದಲ್ಲೇ ಒಂಟಿಕೊಪ್ಪಲ್ ಪಂಚಾಂಗ ತೂಗುತ್ತದೆ; ಉಪವಾಸದ ದಿನ ಯಾರಿಗೆ ಯಾವ ಮಾತ್ರೆ ಬಿಡಬೇಕೆಂದು ವೈದ್ಯರು ಮುಂಚೆಯೇ ಬರೆದುಕೊಟ್ಟಿರುತ್ತಾರೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಊಟವಾದ ಮೇಲೆ ಅರ್ಧ ಗಂಟೆ ಕೂರಿಸುವುದು ಎಲ್ಲರಿಗೂ ತಿಳಿದದ್ದೇ. ಮಾಡುವ ಕೈಗಳಿರಬೇಕು, ಅಷ್ಟೆ. ಬರೆಯಲು ಸಂಕೋಚವಾಗುವ ಸಂಗತಿ ಬೇರೆ. ಮರೆವಿನ ಕಾಯಿಲೆಯ ಒಬ್ಬರು ರಾತ್ರಿ ಎದ್ದೆದ್ದು ಹೋಗುತ್ತಾರೆಂದು ಅವರ ಮಣಿಕಟ್ಟನ್ನು ಹಳೆಯ ಪಂಚೆಯಿಂದ ಮಂಚಕ್ಕೆ ಕಟ್ಟಿದ್ದೆವು, ನನಗೆ ಗೊತ್ತಿದ್ದೇ. ಬೆಳಿಗ್ಗೆ ಕೈಯಲ್ಲಿ ನೇರಳೆ ಬಳೆಯಂತೆ ಕಲೆ ಮೂಡಿತ್ತು. ಅವರು ಏಳುತ್ತಿದ್ದುದು ಮೂತ್ರಕ್ಕೆ, ಹೇಳಲು ಮಾತು ಸಿಗುತ್ತಿರಲಿಲ್ಲ. ರಾತ್ರಿ ಎರಡಕ್ಕೆ ನಾವೇ ಕರೆದೊಯ್ಯತೊಡಗಿದ ಮೇಲೆ ಬೆಳಗಿನವರೆಗೆ ಮಲಗುತ್ತಾರೆ. ಒಂದಡಿ ಎತ್ತರದ ಮಂಚವನ್ನೂ ಮಾಡಿಸಿದೆವು. ಕಟ್ಟಿದ್ದನ್ನು ಮಗನಿಗೆ ಫೋನ್ ಮಾಡಿ ನಾನೇ ಹೇಳಿದೆ. ಅವರು ಸಿಟ್ಟಾದರು, ಆಗಬೇಕಾದದ್ದೇ. ಈಗ ಹಿರಿಯರ ಸಹಾಯವಾಣಿ 14567 ಎಂದು ದೊಡ್ಡ ಅಕ್ಷರದಲ್ಲಿ ಬರೆದು ಊಟದ ಮನೆಯಲ್ಲಿ ಅಂಟಿಸಿದ್ದೇವೆ. ಫೋನೂ ಅಲ್ಲೇ ಇದೆ, ನಮ್ಮನ್ನು ಕೇಳಬೇಕಾಗಿಲ್ಲ.

ಪುಸ್ತಕದ ಇತ್ತೀಚಿನ ನಮೂದು ಕಳೆದ ವಾರದ್ದು. ಮಧ್ಯಾಹ್ನ 3.10, ತೊಟ್ಟಿಯ ಕಂಬದ ಬಳಿ. ಮಳೆ ಬಂತೆಂದು, ಒಣಹಾಕಿದ್ದ ಹಪ್ಪಳ ತೆಗೆಯಲು ಓಡಿದರು, ಮಂಡಿ ತರಚಿದೆ. ಬರೆಸಿದವರು ಬಿದ್ದ ಅಜ್ಜಿಯೇ. ಪರಿಹಾರದ ಅಂಕಣ ಇನ್ನೂ ಖಾಲಿಯಿದೆ. ಹಪ್ಪಳ ಹಾಕುವುದನ್ನು ಬಿಡಲು ಅವರು ಒಪ್ಪುತ್ತಿಲ್ಲ, ಬಿಡಿ ಎನ್ನಲು ನನಗೂ ಮನಸ್ಸಿಲ್ಲ.