ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಬಂತು, ಈಗೇನು ಮಾಡೋದು?

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಕಳೆದ ಮುಟ್ಟಿನ ಮೊದಲ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆಯೇ ಅದು. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ 14ನೇ ದಿನದ ಆಸುಪಾಸು ಅಂಡ ಹೊರಬಿದ್ದಿರುತ್ತದೆ.

ಅದು ಸಾಗುವ ಗರ್ಭನಾಳ ಬರೀ 10-12 ಸೆಂ.ಮೀ. ಉದ್ದ. ಅಷ್ಟಕ್ಕೇ ಮೂರ್ನಾಲ್ಕು ದಿನ! ಅಘನಾಶಿನಿಯ ಅಳಿವೆಯಲ್ಲಿ ದೋಣಿಯವರು ಭರತಕ್ಕೆ ಕಾಯುತ್ತಾರಲ್ಲ, ಹಾಗೆ. ನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಹುಟ್ಟು ಹಾಕಿದಂತೆ ಗರ್ಭಕೋಶದ ಕಡೆಗೇ ಬಡಿಯುತ್ತವೆ. ಅವು ಬೆಳೆಯಲು ಈಸ್ಟ್ರೋಜೆನ್ ಎಂಬ ಹಾರ್ಮೋನ್ ಬೇಕು. ಅದು ಜೋರಾಗಿರುವಾಗ ನಾಳದ ಇಕ್ಕಟ್ಟಾದ ಭಾಗ ಬಿಗಿಯಾಗಿರುತ್ತದೆ. ಅಂಡ ಅಗಲದ ಭಾಗದಲ್ಲೇ ನಿಲ್ಲುತ್ತದೆ, ವೀರ್ಯಾಣು ಸೇರುವುದೂ ಅಲ್ಲೇ. ಆಮೇಲೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಏರಿ, ಬಿಗಿ ಸಡಿಲಾಗಿ ದಾರಿ ತೆರೆಯುತ್ತದೆ. ಗರ್ಭಕೋಶದೊಳಗೆ ಮೆತ್ತನೆ ಹಾಸಿಗೆ ಸಿದ್ಧ ಮಾಡುವುದೂ ಅದೇ.

ಭ್ರೂಣ ಅಂಟಿಕೊಳ್ಳುವುದು ಸಾಮಾನ್ಯವಾಗಿ ಅಂಡ ಬಿಟ್ಟ 6ರಿಂದ 10 ದಿನದೊಳಗೆ. ಕಿಟ್ ಹಿಡಿಯುವ ಎಚ್‌ಸಿಜಿ ಹಾರ್ಮೋನ್ ಮೈಯಲ್ಲಿ ಏರುವುದು ಅಂಟಿದ ಮೇಲೆಯೇ. ಅದಕ್ಕೂ ಮೊದಲು ನೋಡಿ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ಮುಟ್ಟು ತಪ್ಪಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ.

ಇಲ್ಲೊಂದು ಮಾತು. ಶಿರಸಿ ಮಾರಿಕಾಂಬೆಯ ಜಾತ್ರೆಗೆ, ಮದುವೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆ ತಿನ್ನುವವರಿದ್ದಾರೆ. ಅದೂ ಪ್ರೊಜೆಸ್ಟೆರಾನ್ ಜಾತಿಯದೇ. ಬಿಟ್ಟು ವಾರವಾದರೂ ಮುಟ್ಟಾಗದಿದ್ದರೆ ‘ಮಾತ್ರೆಯ ಪರಿಣಾಮ’ ಎಂದು ಕೂರಬೇಡಿ, ಕಿಟ್ ತನ್ನಿ.

ಎರಡು ಗೆರೆ ಬಂದರೆ ಗರ್ಭ ನಿಂತಿದೆ ಎಂದಷ್ಟೇ ಗೊತ್ತಾಯಿತು. ಎಲ್ಲಿ ನಿಂತಿದೆ ಎಂದು ಕಿಟ್ ಹೇಳುವುದಿಲ್ಲ. ನೂರರಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲೇ ಸಿಕ್ಕಿಬೀಳುತ್ತವೆ. ಹಳೆಯ ಸೋಂಕು, ನಾಳದ ಆಪರೇಷನ್, ಸಿಗರೇಟು ಇದ್ದವರಲ್ಲಿ ಜಾಸ್ತಿ. ಮಕ್ಕಳಾಗದ ಆಪರೇಷನ್ ಆದವರಿಗೆ ಗರ್ಭ ನಿಂತರಂತೂ ಕೂಡಲೇ ತೋರಿಸಬೇಕು. ಉಳಿದವರು ಡಾಕ್ಟರಿಗೆ ತೋರಿಸಿ, ಸುತ್ತು ಹಾಕಿದ ದಿನದಿಂದ ಎಣಿಸಿ 6-7ನೇ ವಾರದಲ್ಲಿ ಒಂದು ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ.

ಕಿಬ್ಬೊಟ್ಟೆಯ ಒಂದೇ ಪಕ್ಕ ನೋವು, ರಕ್ತ ಹೋಗುವುದು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು, ಇದರಲ್ಲಿ ಯಾವುದು ಬಂದರೂ ಸ್ಕ್ಯಾನಿಂಗ್ ದಿನಕ್ಕೆ ಕಾಯಬೇಡಿ. ಗ್ಯಾಸ್ ಇರಬೇಕು ಅಂತ ಕಷಾಯ ಕುಡಿದು ಮಲಗಬೇಡಿ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ. ಘಟ್ಟದ ಹಳ್ಳಿಯವರು ಬೆಳಗಿನ ಬಸ್ಸು ನೋಡುತ್ತಾ ಕೂರುವ ಹೊತ್ತಲ್ಲ ಅದು. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಸುತ್ತು ಹಾಕಿದ ಕ್ಯಾಲೆಂಡರ್ ಹಾಳೆಯ ಫೋಟೊ ಮೊಬೈಲಿನಲ್ಲಿರಲಿ.