ರಾತ್ರಿ ನಾಯಿ ಕೆಮ್ಮುತ್ತಿದೆಯಾ? ಮೊದಲು ವಿಡಿಯೋ ಮಾಡಿ, ಆಮೇಲೆ ಉಸಿರು ಎಣಿಸಿ

ಹಗಲೆಲ್ಲ ಆರಾಮಾಗಿ ಓಡಾಡಿಕೊಂಡಿರುವ ನಾಯಿ ರಾತ್ರಿ ಮಲಗಿದ ಮೇಲೆ ಕೆಮ್ಮಲು ಶುರು ಮಾಡಿದರೆ, ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಅಂತ ಸುಮಾರು ಜನ ಬಾಯೊಳಗೆ ಕೈ ಹಾಕುತ್ತಾರೆ. ಉಸಿರುಗಟ್ಟಿ ಒದ್ದಾಡುತ್ತಿಲ್ಲ ಅಂದರೆ ಆ ಸಾಹಸ ಬೇಡ. ಫೋನ್ ತೆಗೆದು ವಿಡಿಯೋ ಮಾಡಿ. ಕ್ಲಿನಿಕ್‌ಗೆ ಹೋದಾಗ ಈ ಮಹಾರಾಯ ಒಂದು ಸಲವೂ ಕೆಮ್ಮದೆ ಬಾಲ ಅಲ್ಲಾಡಿಸಿಕೊಂಡು ಕೂತಿರುತ್ತಾನೆ, ಅಲ್ವಾ? ಡಾಕ್ಟರಿಗೆ ಆ ಸದ್ದು ಕೇಳಿಸಬೇಕು.

ಆಮೇಲೆ, ಅದು ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕನಸು ಕಾಣುತ್ತಾ ಕಾಲು ಆಡಿಸುತ್ತಿದ್ದರೆ ಮಾತ್ರ ಆಗ ಎಣಿಸಬೇಡಿ, ಲೆಕ್ಕ ತಪ್ಪುತ್ತದೆ.

ಉಸಿರಿನ ಲೆಕ್ಕ ಯಾಕೆ ಅಂದರೆ, ಹೃದಯದ ತೊಂದರೆ ಇಲ್ಲೇ ಮೊದಲು ಸುಳಿವು ಕೊಡುತ್ತದೆ. ಪೊಮೆರೇನಿಯನ್, ಡ್ಯಾಶ್‌ಹುಂಡ್ ಥರದ ಸಣ್ಣ ನಾಯಿಗಳಿಗೆ ವಯಸ್ಸಾದಾಗ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರಿ ಹೃದಯ ದೊಡ್ಡದಾಗುತ್ತದೆ, ಉಸಿರಿನ ಕೊಳವೆಯನ್ನು ಒತ್ತುತ್ತದೆ, ಕೆಮ್ಮು ಬರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾದರೆ ನಿದ್ದೆಯಲ್ಲೂ ಉಸಿರು ಏರುತ್ತದೆ. ಡಾಬರ್‌ಮನ್‌ನಂಥ ದೊಡ್ಡ ತಳಿಗಳಲ್ಲಿ ಕವಾಟಕ್ಕಿಂತ ಹೃದಯದ ಸ್ನಾಯುವೇ ಸೋಲುವುದು ಜಾಸ್ತಿ. ಸ್ಟೆತಸ್ಕೋಪ್, ಎಕ್ಸ್-ರೇ, ಎಕೋ (ಹೃದಯದ ಸ್ಕ್ಯಾನ್) ಮಾಡಿದರೆ ಗೊತ್ತಾಗುತ್ತದೆ. ಮಾತ್ರೆಗಳಿವೆ, ಮಾತ್ರೆ ತಿಂದುಕೊಂಡು ಚೆನ್ನಾಗಿ ಬದುಕುವ ನಾಯಿಗಳೂ ಇವೆ.

ಅದೇ ಸಣ್ಣ ತಳಿಗಳಿಗೆ ಇನ್ನೊಂದು ಕಾಟ ಇದೆ. ಶ್ವಾಸನಾಳ ಮೆತ್ತಗಾಗಿ ಕುಸಿಯುವುದು. ಆಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಬರುತ್ತದೆ. ಖುಷಿಯಾದಾಗ, ನೀರು ಕುಡಿದಾಗ, ಕೊರಳ ಬೆಲ್ಟ್ ಎಳೆದಾಗಲೂ ಬರುತ್ತದೆ. ಬೆಲ್ಟ್ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತನ್ನಿ, ತೂಕ ಇಳಿಸಿ. ಬಿಸ್ಕತ್ತು ಹಾಕುವ ಅಜ್ಜಿಯನ್ನು ಒಪ್ಪಿಸುವುದೇ ಇದರಲ್ಲಿ ಕಷ್ಟದ ಕೆಲಸ!

ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದು, ಬಂದ ಕೆಲವೇ ದಿನಕ್ಕೆ ಒಣಕೆಮ್ಮು ಶುರುವಾಗಿ ಕೊನೆಗೆ ಬಿಳಿ ನೊರೆ ಕಕ್ಕುತ್ತಿದ್ದರೆ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮು ಇರಬಹುದು. ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳಿಂದ ದೂರ ಇಡಿ. ಮರಿ ಊಟ ಬಿಟ್ಟರೆ, ಜ್ವರ ಬಂದರೆ ನ್ಯುಮೋನಿಯಾ ಆಗಿರಬಹುದು, ಅದು ಬೇರೆ ಕಥೆ, ತಕ್ಷಣ ಹೋಗಿ.

ಇನ್ನು ಸೊಳ್ಳೆ. ಹೃದಯ, ಶ್ವಾಸಕೋಶದ ರಕ್ತನಾಳಗಳಲ್ಲಿ ಸೇರಿಕೊಂಡು ಕೆಮ್ಮು ತರಿಸುವ ಹಾರ್ಟ್‌ವರ್ಮ್ ಹುಳು ಸೊಳ್ಳೆ ಕಚ್ಚಿಯೇ ಬರುವುದು, ರಕ್ತ ಪರೀಕ್ಷೆ ಮಾಡಿಸಬಹುದು. ಹಾಗಂತ ನಾಯಿ ಮಲಗುವ ಮೂಲೆಯಲ್ಲೇ ಸೊಳ್ಳೆಬತ್ತಿ ಹಚ್ಚಿಟ್ಟರೆ ಆ ಹೊಗೆಗೂ ಕೆಮ್ಮುತ್ತದೆ. ಒಂದೆರಡು ರಾತ್ರಿ ಬತ್ತಿ ಹಚ್ಚದೆ ನೋಡಿ, ಖರ್ಚಿಲ್ಲದ ಪರೀಕ್ಷೆ.

ಮನೆಯಲ್ಲಿರುವ ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಯಾವುದನ್ನೂ ಸುಮ್ನೆ ಕೊಡಬೇಡಿ. ಸಕ್ಕರೆ ಇಲ್ಲದ ಸಿರಪ್‌ಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಇದ್ದರೆ ನಾಯಿಗೆ ಅದು ವಿಷ.

ಒಸಡು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಮಲಗಲಾಗದೆ ಕತ್ತು ಚಾಚಿ ಮೊಣಕೈ ಅಗಲಿಸಿ ಕೂತಿದ್ದರೆ, ಇಲ್ಲಾ ಕುಸಿದು ಬಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆಯ ನಂಬರ್ ಈಗಲೇ ಹುಡುಕಿ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.