ಸಮಿತಿಗೆ ಮರುನೇಮಕ: ಹೆಸರಿಗಿಂತ ಮೊದಲು ಸೀಟು ನೋಡಿ

ನಾನಿರುವ ಮ್ಯಾಸಚೂಸೆಟ್ಸ್‌ನ ಪುಟ್ಟ ಊರಿನಲ್ಲಿ ಒಂದು ವರ್ಷ ಹೀಗಾಯಿತು. ಕಮ್ಯುನಿಟಿ ಪ್ರಿಸರ್ವೇಶನ್ ಸಮಿತಿಯ ಹಳೇ ಹೆಸರುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಟೈಪ್ ಮಾಡಿ ಊರಿನ ಆಡಳಿತ ನೋಡಿಕೊಳ್ಳುವ ಸೆಲೆಕ್ಟ್ ಬೋರ್ಡ್ ಮುಂದಿಟ್ಟರು. ‘ಎಲ್ಲರೂ ಮುಂದುವರಿಯಲಿ’ ಅಂತ ಎರಡೇ ನಿಮಿಷದಲ್ಲಿ ವೋಟು ಬಿತ್ತು. ವಿಷಯ ಗೊತ್ತಾಗಿದ್ದು ಸೆಪ್ಟೆಂಬರ್‌ನಲ್ಲಿ. ಪ್ಲಾನಿಂಗ್ ಬೋರ್ಡ್ ಪರವಾಗಿ ಕೂತವರು ವಸಂತದ ಚುನಾವಣೆಯಲ್ಲೇ ಆ ಬೋರ್ಡ್ ಬಿಟ್ಟಿದ್ದರು!

ಸಂಬಳವಿಲ್ಲದ ಕೆಲಸ ತಾನೇ ಅನ್ನಬೇಡಿ. 2000ರ ಕಮ್ಯುನಿಟಿ ಪ್ರಿಸರ್ವೇಶನ್ ಕಾನೂನಿನಂತೆ ಊರಿನವರು ಒಪ್ಪಿದರೆ ಆಸ್ತಿ ತೆರಿಗೆಯ ಮೇಲೆ 3%ವರೆಗೆ ಹೆಚ್ಚುವರಿ ಹಾಕಬಹುದು. ಅದಕ್ಕೆ ರಾಜ್ಯದ ನಿಧಿಯಿಂದಲೂ ಪಾಲು ಸೇರುತ್ತದೆ. ಬಯಲು ಜಾಗ, ಹಳೇ ಕಟ್ಟಡ, ಆಟದ ಮೈದಾನ, ಕೈಗೆಟುಕುವ ಬೆಲೆಯ ಮನೆ, ಇವಕ್ಕೇ ಆ ದುಡ್ಡು. ಸಮಿತಿ ಶಿಫಾರಸು ಮಾಡದೆ ಟೌನ್ ಮೀಟಿಂಗ್, ಅಂದರೆ ಖರ್ಚಿಗೆ ಒಪ್ಪಿಗೆ ಕೊಡುವ ಊರಿನವರ ಸಭೆ, ಅದರಲ್ಲಿ ಒಂದು ಡಾಲರನ್ನೂ ಮಂಜೂರು ಮಾಡುವಂತಿಲ್ಲ. (ಬಾಸ್ಟನ್‌ನಂಥ ನಗರಗಳಲ್ಲಿ ಆ ಕೆಲಸ ಸಿಟಿ ಕೌನ್ಸಿಲ್‌ದು.)

ಹೆಜ್ಜೆ 1. ಮಾರ್ಚ್‌ನಲ್ಲೇ ಈ ಸಮಿತಿಯ ಬಗ್ಗೆ ನಿಮ್ಮೂರು ಮಾಡಿಕೊಂಡ ನಿಯಮ, ಅಂದರೆ ಬೈಲಾ, ತೆಗೆದು ಓದಿ. ಎರಡು ಪುಟ ಇದ್ದರೆ ಜಾಸ್ತಿ.

ಹೆಜ್ಜೆ 2. ಯಾರ ಅವಧಿ ಮುಗಿಯುತ್ತದೋ ಅವರಿಗೆ ಫೋನ್ ಮಾಡಿ. ಮೇಲ್ ಬೇಡ. ಮೇಲ್‌ಗೆ ‘ಖಂಡಿತ’ ಅಂತ ಬರೆಯುವವರು ಫೋನ್‌ನಲ್ಲಿ ‘ಮಗಳ ಮದುವೆ ಇದೆ, ನೋಡೋಣ’ ಅನ್ನುತ್ತಾರೆ. ನಮಗೆ ಬೇಕಾಗಿರುವುದು ಆ ‘ನೋಡೋಣ’.

ಹೆಜ್ಜೆ 3. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಸಮಿತಿಯಲ್ಲಿ 5ರಿಂದ 9 ಜನ ಇರಬಹುದು. ಐದು ಸೀಟು ಕಾನೂನೇ ಗೊತ್ತುಮಾಡಿದ್ದು: ಕನ್ಸರ್ವೇಶನ್ ಕಮಿಷನ್, ಹಿಸ್ಟಾರಿಕಲ್ ಕಮಿಷನ್, ಪ್ಲಾನಿಂಗ್ ಬೋರ್ಡ್, ಪಾರ್ಕ್ ಕಮಿಷನ್, ಹೌಸಿಂಗ್ ಅಥಾರಿಟಿ, ಇವುಗಳಿಂದ ಒಬ್ಬೊಬ್ಬರು. ಉಳಿದ ನಾಲ್ಕರವರೆಗಿನ ಸೀಟುಗಳನ್ನು ಯಾರು, ಹೇಗೆ ತುಂಬಬೇಕು ಅನ್ನುವುದು ಬೈಲಾದಲ್ಲಿರುತ್ತದೆ. ಈ ಎರಡು ಗುಂಪನ್ನು ಒಂದೇ ಪಟ್ಟಿಯಲ್ಲಿ ಕಲಸಬೇಡಿ.

ಐದು ಸೀಟಿನವರದು ಎರಡು ಬೀಗದ ಬಾಗಿಲು. ಮೊದಲು ಅವರು ತಮ್ಮ ಮೂಲ ಬೋರ್ಡ್‌ನಲ್ಲಿ ಇನ್ನೂ ಇದ್ದಾರೆಯೇ ನೋಡಿ. ಅಲ್ಲಿನ ಅವಧಿಯೂ ಇದೇ ಜೂನ್‌ಗೆ ಮುಗಿಯುತ್ತಿದ್ದರೆ ಅಲ್ಲಿಯ ಮರುನೇಮಕ ಮೊದಲು, ಇಲ್ಲಿಯದು ಆಮೇಲೆ. ಚುನಾಯಿತ ಬೋರ್ಡ್ ಆಗಿದ್ದರೆ ಚುನಾವಣೆ ಮುಗಿಯುವವರೆಗೆ ಕಾಯಿರಿ. ಎರಡನೆಯದಾಗಿ, ಆ ಬೋರ್ಡೇ ತನ್ನ ಸಭೆಯಲ್ಲಿ ‘ನಮ್ಮ ಪರವಾಗಿ ಇವರು’ ಅಂತ ವೋಟು ಹಾಕಬೇಕು. ಅಧ್ಯಕ್ಷರು ಕಾಫಿ ಕುಡಿಯುತ್ತಾ ‘ಅವರೇ ಇರಲಿ ಬಿಡಿ’ ಅಂದದ್ದು ಲೆಕ್ಕಕ್ಕಿಲ್ಲ. ಆ ವೋಟು ದಾಖಲಾದ ನಡಾವಳಿಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ಬೋರ್ಡ್‌ನವರಿಗೆಲ್ಲ ಮೇಲ್ ಹಾಕಿ ಒಪ್ಪಿಗೆ ತಗೊಂಡರಾಯಿತಲ್ವಾ ಅಂತ ಒಬ್ಬರಾದರೂ ಕೇಳುತ್ತಾರೆ. ಆಗುವುದಿಲ್ಲ. ಮೇಲ್‌ನಲ್ಲಿ ಚರ್ಚಿಸಿ ತೀರ್ಮಾನಿಸಿದರೆ, ಸಭೆ ಜನರೆದುರೇ ನಡೆಯಬೇಕು ಅನ್ನುವ ಓಪನ್ ಮೀಟಿಂಗ್ ಕಾನೂನು ಮುರಿದ ಹಾಗೆ. ಸಭೆಗೆ 48 ಗಂಟೆ ಮುಂಚೆ ನೋಟಿಸ್ ಹಾಕಿರಬೇಕು. ಶನಿವಾರ, ಭಾನುವಾರ, ಸರ್ಕಾರಿ ರಜೆ ಈ 48ರಲ್ಲಿ ಸೇರುವುದಿಲ್ಲ. ಅಂದರೆ ಸೋಮವಾರ ಸಂಜೆಯ ಸಭೆಗೆ ಗುರುವಾರ ಸಂಜೆಯೊಳಗೆ ನೋಟಿಸ್ ಬಿದ್ದಿರಬೇಕು.

ಇನ್ನು ಅವಧಿಯ ಲೆಕ್ಕ. ಅವಧಿ ಮೂರು ವರ್ಷದ್ದಾದರೆ ಎಲ್ಲರದೂ ಒಟ್ಟಿಗೆ ಮುಗಿಯದ ಹಾಗೆ ಸರದಿ ಹಾಕಿರುತ್ತಾರೆ. ನಡುವೆ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಹಳಬರ ಉಳಿದ ಅವಧಿ ಮಾತ್ರ. ಪಾಪ ಈಗ ತಾನೇ ಬಂದಿದ್ದಾರೆ ಅಂತ ಪೂರ್ತಿ ಮೂರು ವರ್ಷ ಬರೆದುಕೊಟ್ಟರೆ ಸರದಿ ಕೆಡುತ್ತದೆ. ಹೀಗೆ ಎರಡು ಸಲ ಆದರೆ ಸಾಕು, ಯಾವುದೋ ಒಂದು ಜೂನ್‌ನಲ್ಲಿ ಅರ್ಧ ಸಮಿತಿಯೇ ಖಾಲಿ. ಆದ್ದರಿಂದ ಸೀಟಿಗೊಂದು ಸಾಲಿನ ಪಟ್ಟಿ ಮಾಡಿ: ಸೀಟು, ಕೂತವರು, ನೇಮಿಸುವವರು, ಮೂಲ ಬೋರ್ಡ್‌ನ ಅವಧಿ, ಇಲ್ಲಿಯ ಅವಧಿ. ಮಾಮೂಲಿ ಸ್ಪ್ರೆಡ್‌ಶೀಟ್ ಸಾಕು. ವರ್ಷಕ್ಕೆ ಚಂದಾ ಕಟ್ಟುವ ಒಂದು ಆ್ಯಪ್ ನಮ್ಮಲ್ಲೂ ಬಂತು. ಅದು ತೀರಿಕೊಂಡವರ ಹೆಸರಿಗೂ ‘ನಿಮ್ಮ ಅವಧಿ ಮುಗಿಯುತ್ತಿದೆ’ ಅಂತ ನೆನಪೋಲೆ ಕಳಿಸಿತು. ಅವರ ಹೆಂಡತಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದು ನಾನು.

ಹೆಜ್ಜೆ 4. ನೇಮಿಸುವವರು ವೋಟು ಹಾಕುತ್ತಾರೆ. ಪ್ರತಿ ಸೀಟಿಗೆ ಅವಧಿ ಮುಗಿಯುವ ತಾರೀಕು ಓದಿಸಿ. ಅಷ್ಟೇ.

ಹೆಜ್ಜೆ 5. ಊರಿನ ದಾಖಲೆ ನೋಡಿಕೊಳ್ಳುವ ಟೌನ್ ಕ್ಲರ್ಕ್ ಮುಂದೆ ಪ್ರಮಾಣವಚನ. ‘ಹೋದ ಸಲ ಮಾಡಿದ್ದೆನಲ್ಲ’ ಅನ್ನುವ ಹಾಗಿಲ್ಲ. ಹೊಸ ಅವಧಿಗೆ ಹೊಸ ಪ್ರಮಾಣ, ಅದೂ ಮೊದಲ ಸಭೆಗೆ ಮುಂಚೆಯೇ. ಓಪನ್ ಮೀಟಿಂಗ್ ಕಾಗದಪತ್ರ ತಲುಪಿದೆ ಅನ್ನುವ ಪ್ರಮಾಣಪತ್ರಕ್ಕೆ ಎರಡು ವಾರದ ಗಡುವು ಇದೆ. ನಾನಂತೂ ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ ಸಹಿ ಹಾಕಿಸಿಬಿಡುತ್ತೇನೆ. ಹಿತಾಸಕ್ತಿ ಸಂಘರ್ಷದ ಕಾನೂನು ಸಂಬಳವಿಲ್ಲದವರಿಗೂ ಅನ್ವಯ. ಅದರ ಸಾರಾಂಶ ವರ್ಷಕ್ಕೊಮ್ಮೆ ತಲುಪಬೇಕು, ಆನ್‌ಲೈನ್ ತರಬೇತಿ ಎರಡು ವರ್ಷಕ್ಕೊಮ್ಮೆ ಮುಗಿಸಬೇಕು.

ಬಿಟ್ಟು ಹೋಗುವವರ ವಿಷಯ ಒಂದಿದೆ. ಅವಧಿಯ ನಡುವೆ ಬಿಡುವುದಾದರೆ ‘ನಾನು ಇನ್ನು ಬರಲ್ಲ’ ಅಂತ ಬಾಯಲ್ಲಿ ಹೇಳಿದರೆ ಸೀಟು ಖಾಲಿಯಾಗುವುದಿಲ್ಲ. ರಾಜೀನಾಮೆ ಬರವಣಿಗೆಯಲ್ಲಿ ಟೌನ್ ಕ್ಲರ್ಕ್ ಕೈ ಸೇರಬೇಕು. ಎರಡು ಸಾಲಿನ ಕಾಗದ ಸಾಕು. ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಮುಂಚೆ ಬರೆಸಿಕೊಳ್ಳಿ. ತಿಂದ ಮೇಲೆ ಯಾರೂ ಸಿಗುವುದಿಲ್ಲ.